ಸೊಪ್ಪು ತಿನ್ನುವ ಮೀನುಗಳ ಜಗಳ

ಕೊಟ್ಟೂರಿನಲ್ಲಿ ಒಂದು ಕಾಲಕ್ಕೆ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರಿಗೆ ಗಂಡು ಕೂಸು ಹುಟ್ಟಿತು, ಯಾರ ಅಳಿಯ ಸಿಟ್ಟು ಮಾಡಿಕೊಂಡು ಹೋಗಿ ಹೊಸಪೇಟೆಯ ಅಕ್ಕನ ಮನೆಯಲ್ಲಿ ಕುಳಿತಿದ್ದಾನೆ ಎಂಬುದೆಲ್ಲ ಮೊದಲು ತಿಳಿಯುತ್ತಿದ್ದದ್ದು ಗುರುಬಸವರಾಜನಿಗೆ. ಅವನೇನು ಕಂಡವರ ಸುದ್ದಿಗೆ ಕಿವಿಗೊಡುವ ಪೈಕಿಯವನಲ್ಲ. ಆದರೆ ಎಸ್‌ಟಿಡಿ ಬೂತಿನಲ್ಲಿ ಕುಳಿತವನು ಕಿವಿಗೆ ಬಾಗಿಲು ಎಲ್ಲಿಂದ ತರಬೇಕು? ಗಾಜಿನ ಗೂಡಿನೊಳಗೆ ನಿಂತವರು ಪುಣೆಗೆ ಕೇಳಲಿ ಎಂದು ಕೂಗುತ್ತಿದ್ದರು. ಅದು ಪುಣೆಗಿಂತ ಮೊದಲು ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು.

ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವನ ಬಲಗಾಲು ಸಣಕಲಾಗಿತ್ತು. ಅಂಗವಿಕಲರ ಕೋಟಾದಲ್ಲಿ ಸಿಕ್ಕ ಬೂತು ಅದು, ಮನೆಯ ಮುಂದಿನ ಕೋಣೆಯಲ್ಲೇ ಇಟ್ಟುಕೊಂಡಿದ್ದ. ಮದುವೆಯ ಮಾತುಗಳು ಬಂದಷ್ಟೂ ಅವನ ಕಾಲಿನ ತನಕ ಬಂದು ಹಿಂದಕ್ಕೆ ಹೋದವು. ಅವ್ವ ತೀರಿಕೊಂಡ ಮೇಲೆ ಅಡುಗೆಮನೆಯಲ್ಲಿ ಉಳಿದದ್ದು ಒಂದೇ ತಟ್ಟೆ. ಆದರೂ ಒಂಟಿ ಎಂದು ಅವನಿಗೆ ಅನ್ನಿಸಿರಲಿಲ್ಲ. ಊರಿಗೆ ಹೋಗಲು ಕಾಲಿಲ್ಲದವನ ಮನೆಗೆ ಊರೇ ಬರುತ್ತಿತ್ತು. ಅಮಾವಾಸ್ಯೆ ಬಂತೆಂದರೆ ಉಜ್ಜಿನಿ ಮಠಕ್ಕೆ ಹೋಗುವವರು, ಬರುವವರು ಎಲ್ಲ ಸೇರಿ ಬಾಗಿಲಲ್ಲಿ ಚಪ್ಪಲಿ ಕಳೆದುಕೊಳ್ಳುವಷ್ಟು ಗದ್ದಲ.

ಆಮೇಲೆ ಮೊಬೈಲು ಬಂತು. ಮೊದಮೊದಲು ದಲಾಲಿ ಅಂಗಡಿಯ ಸಾಹುಕಾರರ ಜೇಬಿಗೆ ಬಂತು. ಎರಡು ವರ್ಷ ಕಳೆಯುವುದರೊಳಗೆ ಮೆಕ್ಕೆಜೋಳದ ಚೀಲ ಹೊರುವವರ ಸೊಂಟಕ್ಕೂ ಬಂತು. ನಿನ್ನೆಯವರೆಗೆ "ಗುರಣ್ಣ, ಸ್ವಲ್ಪ ಹರಪನಹಳ್ಳಿಗೆ ಹಚ್ಚಿ ಕೊಡ್ರಿ" ಎನ್ನುತ್ತಿದ್ದವರು ಅವನ ಬಾಗಿಲ ಮುಂದೆಯೇ ನಿಂತು, ಕಿವಿಗೆ ಮೊಬೈಲು ಒತ್ತಿಕೊಂಡು, ಅವನಿಗೆ ಬರಿ ಕೈ ಎತ್ತಿ ಮುಂದೆ ಹೋಗತೊಡಗಿದರು. ದುಡ್ಡಿನ ಚಿಂತೆ ಅವನಿಗೆ ಅಷ್ಟಿರಲಿಲ್ಲ. ದಲಾಲಿ ಅಂಗಡಿಯವರು ಚೀಲ ಇಡುವ ಹಿಂದಿನ ಎರಡು ಕೋಣೆಯ ಬಾಡಿಗೆ ಬರುತ್ತಿತ್ತು, ಒಂದು ಹೊಟ್ಟೆಗೆ ಎಷ್ಟು ಬೇಕು? ಸಂಜೆ ಹೊತ್ತು ಕುರ್ಚಿಯಲ್ಲಿ ಕುಳಿತರೆ ಮಾತಾಡಲು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲವಲ್ಲ ಎಂಬುದೇ ಅವನನ್ನು ತಿನ್ನುತ್ತಿತ್ತು. ಒಂದು ದಿನ ಪಕ್ಕದಲ್ಲಿ ಮಿರ್ಚಿ ಕರಿಯುವ ಈರಕ್ಕ ಏನೋ ಕೇಳಿದಾಗ ಅವನ ಗಂಟಲಿಂದ ಮೊದಲು ಗಾಳಿಯಷ್ಟೇ ಬಂತು. ಬೆಳಗಿನಿಂದ ಆಡಿದ ಮೊದಲ ಮಾತು ಅದೇ ಎಂದು ತಿಳಿದು ಅವನಿಗೆ ಹೆದರಿಕೆಯಾಯಿತು.

ಕಾಲಿನ ಬೂಟಿನ ಪಟ್ಟಿ ಬದಲಿಸಲು ದಾವಣಗೆರೆಗೆ ಹೋದಾಗ ಆಸ್ಪತ್ರೆಯೊಂದರ ಹಜಾರದಲ್ಲಿ ಅವನು ಮೀನಿನ ತೊಟ್ಟಿ ನೋಡಿದ. ಮೀನಿಗಿಂತ ಹೆಚ್ಚು ನೋಡಿದ್ದು ಅದರ ಸುತ್ತ ಕುಳಿತ ಜನರನ್ನು. ಹೆಸರು ಕೂಗಿದರೂ ಏಳಲು ಮನಸ್ಸಿಲ್ಲದವರಂತೆ ಕುಳಿತಿದ್ದರು. ಪರಿಚಯವೇ ಇಲ್ಲದವರು "ಅದು ನೋಡ್ರಿ, ಆ ಕೆಂಪಂದು" ಎಂದು ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಗುರುಬಸವರಾಜ ಬೂಟಿನ ಕೆಲಸ ಮುಗಿಸಿ ನೇರ ಮೀನಿನ ಅಂಗಡಿ ಹುಡುಕಿಕೊಂಡು ಹೋದ.

ಅಂಗಡಿಯವನು ತೋರಿಸಿದ ಮೀನುಗಳೆಲ್ಲ ಹುಳ ತಿನ್ನುವವು, ಒಣ ಸೀಗಡಿ ತಿನ್ನುವವು. ಗುರುಬಸವರಾಜ ಎರಡೂ ಕೈ ಆಡಿಸಿದ. "ನಮ್ಮನ್ಯಾಗ ಅದೆಲ್ಲ ನಡೆಯಂಗಿಲ್ರಿ. ನಮ್ಮವ್ವ ಲಿಂಗಪೂಜಿ ಮಾಡಿದ ಮನಿ ಅದು. ಸೊಪ್ಪು ಸದಿ ತಿನ್ನೋವು ಇದ್ರ ಕೊಡ್ರಿ."

"ಇದಾವಲ್ಲ ಸಾರ್, ಆಫ್ರಿಕಾದ ಸಿಕ್ಲಿಡ್ ಅಂತ," ಎಂದ ಅಂಗಡಿಯವನು. "ಕಲ್ಲಿನ ಮೇಲಿನ ಪಾಚಿ ಕೆರ್ಕಂಡು ತಿನ್ನೋ ಮೀನು. ಪಾಲಕ್ ಬೇಯ್ಸಿ ಹಾಕ್ರಿ, ಸೌತೆಕಾಯಿ ಹಾಕ್ರಿ, ಸಾಕು. ನಿಮ್ಮ ಕಡೆ ಬೋರಿನ ಗಡಸು ನೀರು ಬೇರೆ, ಇವಕ್ಕೆ ಅದೇ ಬೇಕು. ಆದ್ರೆ ಇವು ಸ್ವಲ್ಪ…"

ಸ್ವಲ್ಪ ಏನು ಎಂದು ಕೇಳುವ ತಾಳ್ಮೆ ಅವನಿಗಿರಲಿಲ್ಲ. ಬೇಳೆ ಬೇಯದ, ಕೊಡದ ತುಂಬ ಬಿಳಿ ಸುಣ್ಣ ಕಟ್ಟುವ ಕೊಟ್ಟೂರಿನ ನೀರು ಯಾರಿಗೋ ಇಷ್ಟ ಎಂದು ಕೇಳಿಯೇ ಅವನು ಕರಗಿಹೋಗಿದ್ದ. ಮೇಲಾಗಿ ಸೊಪ್ಪು ತಿನ್ನುವ ಜೀವ ಸಾಧು ಎಂಬುದು ನಮ್ಮವರ ಹಳೆಯ ನಂಬಿಕೆ. ಗೂಳಿ ಏನು ಮಾಂಸ ತಿಂದು ಹಾಯುತ್ತದೆಯೇ ಎಂದು ಯಾರೂ ತಮ್ಮನ್ನು ತಾವು ಕೇಳಿಕೊಳ್ಳುವುದಿಲ್ಲ. ಎರಡು ನೀಲಿ, ಮೂರು ಹಳದಿ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಬಂದವು. ತೊಟ್ಟಿಯನ್ನು ಬಸ್ಸಿನಿಂದ ಇಳಿಸಿ ಮನೆ ಮುಟ್ಟಿಸಿದವನು ಹಮಾಲಿ ಹುಲುಗಣ್ಣ. ಕುರಿ ಕಾಯುವ ಮನೆತನದವನು, ಮೆಕ್ಕೆಜೋಳದ ಮಂಡಿಯಲ್ಲಿ ಚೀಲ ಹೊರುತ್ತಿದ್ದ. ಕೂಡ್ಲಿಗಿ ದಾರಿಯ ಗುಡ್ಡದಿಂದ ಒಳ್ಳೆ ಕಲ್ಲುಗಳನ್ನೂ ಅವನೇ ತಂದುಕೊಟ್ಟ. ಗುರುಬಸವರಾಜ ಅವುಗಳನ್ನು ಒಂದರ ಮೇಲೊಂದು ಇಟ್ಟು ಗವಿಗಳನ್ನು ಮಾಡಿದ. ಫೋನು, ಮೀಟರು ಎಲ್ಲ ಒಂದು ಮೂಲೆಗೆ ಸರಿದು, ಮೇಜಿನ ಮೇಲೆ ತೊಟ್ಟಿ ಕುಳಿತಿತು.

ಮೊದಲ ವಾರ ಜನ ಬಂದು ನೋಡಿದರು. "ಚೆಂದ ಅದಾವ್ರಿ" ಎಂದು ಹೊರಟುಹೋದರು. ಚೆಂದದ ವಸ್ತುವನ್ನು ಎಷ್ಟು ಹೊತ್ತು ನೋಡುವುದು?

ಎರಡನೆಯ ವಾರ ದೊಡ್ಡ ನೀಲಿ ಮೀನು ನಡುವಿನ ಗವಿಯನ್ನು ಹಿಡಿಯಿತು. ಅಲ್ಲಿಂದ ಒಂದು ಗೇಣು ದೂರದಲ್ಲಿ ಯಾರು ಸುಳಿದರೂ ಬಾಣದಂತೆ ಬಂದು ಪಕ್ಕೆಗೆ ಗುದ್ದುತ್ತಿತ್ತು. ಇನ್ನೊಂದು ನೀಲಿಯೂ ಅದೂ ಬಾಯಿಗೆ ಬಾಯಿ ಕಚ್ಚಿಕೊಂಡು ತೊಟ್ಟಿಯ ತುಂಬ ಎಳೆದಾಡಿದ್ದನ್ನು ಮೊದಲು ನೋಡಿದವನು ಹುಲುಗಣ್ಣ. ಅವನು ತಲೆಯ ಮೇಲಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ. ಮರುದಿನ ಮಂಡಿಯ ನಾಲ್ಕು ಮಂದಿಯನ್ನು ಕರೆತಂದ. ಅದರ ಮರುದಿನ ಕುರ್ಚಿ ಸಾಲದೆ ಈರಕ್ಕನ ಬೆಂಚನ್ನೂ ಒಳಗೆ ತಂದರು.

ದೊಡ್ಡ ನೀಲಿಗೆ ಪಾಳೇಗಾರ ಎಂದು ಹೆಸರಾಯಿತು. ಹಳದಿಯಲ್ಲಿ ಚೂಟಿಯಾದದ್ದಕ್ಕೆ ಅರಿಷಿಣಿ ಎಂದರು. ಸಂಜೆ ಐದಾದರೆ ಮಂಡಕ್ಕಿ, ಮಿರ್ಚಿ, ಚಹಾ, ಯಾವ ಮೀನು ಗೆಲ್ಲುತ್ತದೆಂದು ಬಾಜಿ. "ಗುರಣ್ಣ, ಮಧ್ಯಾಹ್ನ ಏನೇನಾತ್ರಿ?" ಎಂದು ಎಲ್ಲರೂ ಕೇಳುವುದು. ಗುರುಬಸವರಾಜ ಗಂಟಲು ಸರಿ ಮಾಡಿಕೊಂಡು ಹೇಳುವುದು. ಅವನು ಇಷ್ಟು ಚೆನ್ನಾಗಿ ಕಥೆ ಹೇಳುತ್ತಾನೆಂದು ಅವನಿಗೇ ಗೊತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಮಂಡಕ್ಕಿ ಚೆಲ್ಲಿದ ನೆಲವನ್ನು ಗುಡಿಸುವಾಗಲೂ ಅವನಿಗೆ ಖುಷಿಯಿರುತ್ತಿತ್ತು. ಮನೆ ಗಲೀಜಾಗುವುದೂ ಒಂದು ಭಾಗ್ಯವೇ.

ಆದರೆ ಒಂದು ಬೆಳಿಗ್ಗೆ ಸಣ್ಣ ನೀಲಿ ರೆಕ್ಕೆಯೆಲ್ಲ ಹರಿದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದನ್ನು ಬೀದಿಗೆ ಎಸೆಯಲು ಅವನ ಕೈ ಬರಲಿಲ್ಲ. ಹಿತ್ತಲಿನ ಕಣಗಿಲೆ ಗಿಡದ ಬುಡದಲ್ಲಿ ಕುಣಿ ತೋಡಿ, ಒಂದು ಚಿಟಿಕೆ ವಿಭೂತಿ ಹಾಕಿ ಮುಚ್ಚಿದ. ಗೋಡೆಯ ಆಚೆಯಿಂದ ಈರಕ್ಕ ನೋಡಿದಳು.

"ತಮ್ಮಾ, ಸಾಯ್ಲಿ ಅಂತ ನೋಡಾಕ ಮಂದಿ ಕೂಡಸ್ತಿ, ಸತ್ತ ಮ್ಯಾಲೆ ಇಬತ್ತಿ ಹಾಕ್ತಿ. ಇದ್ಯಾವ ನ್ಯಾಯ?"

ಅವನಿಗೆ ನಾಚಿಕೆಯಾಯಿತು. ಬೂತಿನ ಫೋನಿನಿಂದಲೇ ದಾವಣಗೆರೆಗೆ ಹಚ್ಚಿದ. ಅಂದು ಅರ್ಧಕ್ಕೆ ನಿಂತ ಮಾತನ್ನು ಅಂಗಡಿಯವನು ಈಗ ಪೂರ್ತಿ ಮಾಡಿದ. "ಅದನ್ನೇ ಹೇಳಾಕೆ ಬಂದೆ ಸಾರ್, ನೀವು ಕೇಳ್ಲಿಲ್ಲ. ಇವಕ್ಕೆ ಜಾಗದ್ದೇ ಜಗಳ. ನಾಲ್ಕೈದು ಹಾಕಿದ್ರೆ ಒಂದನ್ನೇ ಹಿಡ್ಕಂಡು ಬಡೀತಾವೆ. ಗುಂಪು ಜಾಸ್ತಿ ಇದ್ರೆ ಯಾವ್ದನ್ನ ಬಡೀಬೇಕು ಅಂತ ತಿಳಿಯಲ್ಲ, ಸುಮ್ಮಗಿರ್ತಾವೆ. ಈಗ ಕಲ್ಲೆಲ್ಲ ತೆಗೆದು ಬೇರೆ ಥರ ಜೋಡಿಸ್ರಿ. ತನ್ನ ಮನೆ ಯಾವ್ದು ಅಂತ ಗೊತ್ತಾಗದಿದ್ರೆ ಯಾರೂ ಯಾರನ್ನೂ ಹೊರಗೆ ಹಾಕಲ್ಲ. ಹೊಡೆಯೋದನ್ನ ನಾಲ್ಕು ದಿನ ಹೊರಗಿಡ್ರಿ, ಸೊಕ್ಕು ಇಳೀತೈತೆ."

ಅವನು ಹೇಳಿದಂತೆಯೇ ಮಾಡಿದ. ಪಾಳೇಗಾರನನ್ನು ನಾಲ್ಕು ದಿನ ಬಕೀಟಿನಲ್ಲಿಟ್ಟ. ಕಲ್ಲುಗಳನ್ನು ಕಿತ್ತು ಗವಿಯಿದ್ದಲ್ಲಿ ಬಯಲು, ಬಯಲಿದ್ದಲ್ಲಿ ಗವಿ ಮಾಡಿದ. ಪಾಳೇಗಾರ ವಾಪಸು ಬಂದು ಮೂಲೆ ಮೂಲೆ ಮೂಸಿ, ಹೊಸ ಊರಿಗೆ ವರ್ಗವಾಗಿ ಬಂದ ಗುಮಾಸ್ತನಂತೆ ತೆಪ್ಪಗೆ ನಿಂತಿತು. ಹಳದಿಗಳು ತಿಂಗಳಲ್ಲಿ ಮೊದಲ ಬಾರಿಗೆ ಕೆಳಗಿಳಿದು ಕಲ್ಲಿನ ಪಾಚಿ ತಿಂದವು. ಗುರುಬಸವರಾಜನಿಗೆ ಪುಣ್ಯದ ಕೆಲಸ ಮಾಡಿದೆ ಎನ್ನಿಸಿತು.

ಆ ಸಂಜೆ ಜನ ಬಂದರು. ಮಿರ್ಚಿ ತಿಂದರು, ಕಾದರು, ಆಕಳಿಸಿದರು. ಮರುದಿನ ಅರ್ಧ ಮಂದಿ ಬಂದರು. ಅದರ ಮರುದಿನ ಹುಲುಗಣ್ಣ ಒಬ್ಬನೇ ಬಂದು, ನಿಂತೇ ಇದ್ದು, "ಏನೈತ್ರಿ ನೋಡಾಕ" ಎಂದು ಹೋದ. ಆಮೇಲೆ ಯಾರೂ ಇಲ್ಲ. ಬಸ್ ಸ್ಟ್ಯಾಂಡಿನ ಹೊಸ ಹೋಟೆಲಿನಲ್ಲಿ ಬಣ್ಣದ ಟೀವಿ ಇಟ್ಟಿದ್ದರು, ಅದರಲ್ಲಿ ಅಮೆರಿಕದ ದಡಿಯರ ಕುಸ್ತಿ ಬರುತ್ತಿತ್ತು.

ಗುರುಬಸವರಾಜ ತಾಳಿಕೊಂಡ. ತೊಟ್ಟಿಯ ಮುಂದೆ ಕುಳಿತು ಮೀನುಗಳನ್ನೇ ಮಾತಾಡಿಸಿ ನೋಡಿದ. ಈರಕ್ಕನ ಬೆಂಚು ಒಳಗೇ ಖಾಲಿ ಉಳಿದಿತ್ತು. ಅದನ್ನು ಹೊರಗೆ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಹೊರಗೆ ನಗುವ ಸದ್ದು ಕೇಳಿದರೆ ಕೋಲು ಹಿಡಿದು ಬಾಗಿಲಿಗೆ ಬರುತ್ತಿದ್ದ. ನಗುತ್ತಿದ್ದವರು ದಾಟಿ ಹೋಗಿರುತ್ತಿದ್ದರು. ಒಂದು ಮಧ್ಯಾಹ್ನ ಎದ್ದು, ಮೊಣಕೈ ತನಕ ನೀರಿಗೆ ಕೈಯಿಟ್ಟು, ಕಲ್ಲುಗಳನ್ನೆಲ್ಲ ಮೊದಲು ಇದ್ದಂತೆಯೇ ಇಟ್ಟ. ನಡುವೆ ಗವಿ, ಅದರ ಬಾಯಿ ಗಾಜಿನ ಕಡೆಗೆ.

ಅಲ್ಲಿಂದ ಮುಂದೆ ಅವನು ಅಂಗಡಿಯವನು ಕಲಿಸಿದ್ದನ್ನೆಲ್ಲ ತಿರುಗಾಮುರುಗಾ ಮಾಡಿದ. ಜಗಳ ನಿಲ್ಲಿಸುವ ಉಪಾಯ ಗೊತ್ತಿದ್ದವನಿಗೆ ಜಗಳ ಹಚ್ಚುವ ಉಪಾಯ ಹೇಳಿಕೊಡಬೇಕಾಗಿಲ್ಲ. ಹಗಲೆಲ್ಲ ಪಾಳೇಗಾರನನ್ನು ಬಕೀಟಿನಲ್ಲಿಟ್ಟು ಹಳದಿಗಳಿಗೆ ಗವಿ ಬಿಟ್ಟುಕೊಡುವುದು, ಸಂಜೆ ಜನ ಸೇರಿದ ಮೇಲೆ ಪಾಳೇಗಾರನನ್ನು ಇಳಿಸುವುದು. ತನ್ನ ಮನೆಯಲ್ಲಿ ಬೇರೆಯವರು ಕುಳಿತದ್ದು ಕಂಡರೆ ಅದು ಸುಮ್ಮನಿರುತ್ತದೆಯೇ? ಸುದ್ದಿ ಮಂಡಿಗೆ ಮುಟ್ಟಿತು. ಬೆಂಚು ತುಂಬಿತು. ಇನ್ನೊಂದು ಹಳದಿ ಸತ್ತು ಕಣಗಿಲೆಯ ಬುಡ ಸೇರಿತು. ಈ ಸಲ ಅವನು ಈರಕ್ಕ ಕಾಣದ ಹೊತ್ತು ನೋಡಿ ಕುಣಿ ತೋಡಿದ. ತಾನು ಮಾಡುತ್ತಿರುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಐದಕ್ಕೆ ಮೊದಲ ಚಪ್ಪಲಿಯ ಸದ್ದು ಕೇಳುತ್ತಲೇ ಗೊತ್ತಿದ್ದದ್ದು ಮರೆತುಹೋಗುತ್ತಿತ್ತು.

ಹೀಗಿರುವಾಗ ಅರಿಷಿಣಿ ಊಟ ಬಿಟ್ಟಿತು. ಪಾಲಕ್ ಹಾಕಿದರೆ ಹತ್ತಿರ ಬಂದು ನೋಡುತ್ತದೆ, ಬಾಯಿ ತೆರೆಯುವುದಿಲ್ಲ. ಕೆಳದವಡೆ ಉಬ್ಬಿದೆ. ಗಾಳಿಯ ಕೊಳವೆಯ ಹಿಂದೆ, ನೀರಿನ ಮೇಲ್ಭಾಗದ ಮೂಲೆಯಲ್ಲಿ ಅಂಟಿಕೊಂಡಿರುತ್ತದೆ. ಗುದ್ದು ಬಿದ್ದರೂ ಸರಿಯುವುದಿಲ್ಲ. ಮೂರು ದಿನ ನೋಡಿ ಒಂದು ಮಧ್ಯಾಹ್ನ ಅವನು ಮತ್ತೆ ದಾವಣಗೆರೆಗೆ ಫೋನು ಮಾಡಿದ.

"ಗಲ್ಲ ಉಬ್ಬೈತಾ ಸಾರ್? ಹಂಗಾರೆ ಅದು ಹೆಣ್ಣು. ಬಾಯಾಗೆ ತತ್ತಿ ಇಟ್ಕಂಡೈತೆ. ಇವುಗಳ ಪದ್ಧತಿನೇ ಹಂಗೆ. ಮರಿ ಆಗೋತಂಕ ಮೂರು ವಾರ ಏನೂ ತಿನ್ನಲ್ಲ. ಜೋರಾಗಿ ಪೆಟ್ಟು ಬಿದ್ರೆ ಬಾಯಿ ಬಿಟ್ಟುಬಿಡ್ತೈತೆ. ಬಿಟ್ರೆ ಮುಗೀತು, ಉಳಿದೋವು ನುಂಗಿಬಿಡ್ತಾವೆ."

"ಸೊಪ್ಪು ತಿನ್ನೋವು ಅಂದ್ರೆಲ್ರೀ?"

"ತತ್ತಿ ಸಿಕ್ರೆ ಯಾವ ಸೊಪ್ಪು ಸಾರ್."

ಫೋನು ಇಟ್ಟ ಮೇಲೆ ಅವನು ತೊಟ್ಟಿಯ ಮುಂದೆ ಬಂದು ಕುಳಿತ. ಅರಿಷಿಣಿಯ ಬಾಲ ನೂಲುನೂಲಾಗಿತ್ತು. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಈ ಸಂಜೆ ಪಾಳೇಗಾರನನ್ನು ಬಿಡಬಾರದು, ಅಷ್ಟೇ. ಬಿಡದಿದ್ದರೆ ಜನ ಇರುವುದಿಲ್ಲ, ಅದೂ ಅಷ್ಟೇ. ಇವತ್ತೊಂದು ದಿನ ಎಂದಿತು ಒಂದು ಮನಸ್ಸು. ಅವನು ಏನೂ ಗೊತ್ತು ಮಾಡುವ ಮೊದಲೇ ಐದಾಯಿತು.

ಅಂದು ಹಗರಿಬೊಮ್ಮನಹಳ್ಳಿಯಿಂದ ಬಂದ ಲಾರಿಯವರೂ ಸೇರಿ ಬಾಗಿಲ ತನಕ ಮಂದಿ. "ತಡ ಯಾಕ್ರಿ ಗುರಣ್ಣ" ಎನ್ನುತ್ತ ಹುಲುಗಣ್ಣನೇ ಬಕೀಟು ಎತ್ತಿ ಪಾಳೇಗಾರನನ್ನು ತೊಟ್ಟಿಗೆ ಸುರುವಿದ. ಗುರುಬಸವರಾಜ ಕೋಲಿಗೆ ಕೈ ಹಾಕುವಷ್ಟರಲ್ಲಿ ಅದು ನೀರಿಗೆ ಬಿದ್ದಾಗಿತ್ತು. ಪಾಳೇಗಾರ ಒಂದು ಸುತ್ತು ಹಾಕಿ ನೇರ ಮೇಲಿನ ಮೂಲೆಗೆ ಹೋಗಿ ಅರಿಷಿಣಿಯ ಪಕ್ಕೆಗೆ ಗುದ್ದಿತು. ಮಂದಿ ಹೋ ಎಂದರು. ಅರಿಷಿಣಿ ಗಾಜಿಗೆ ಬಡಿದು ಒಂದು ಪಕ್ಕಕ್ಕೆ ವಾಲಿತು. ಆದರೂ ಬಾಯಿ ಬಿಡಲಿಲ್ಲ.

"ಅದರ ಬಾಯಾಗ ಮರಿ ಅದಾವ," ಎಂದ ಗುರುಬಸವರಾಜ.

ಯಾರಿಗೂ ಅರ್ಥವಾಗಲಿಲ್ಲ. ಅವನು ಅಂಗಡಿಯವನು ಹೇಳಿದ್ದನ್ನೆಲ್ಲ ತಡವರಿಸುತ್ತ ಹೇಳಿದ. ಹೇಳುತ್ತ ಹೋದಂತೆ ಕೋಣೆಯ ಗದ್ದಲ ಇಳಿಯಿತು. ಹುಲುಗಣ್ಣನ ಮುಖ ಕಪ್ಪಿಟ್ಟಿತು.

"ನಮ್ಮ ಹಟ್ಟ್ಯಾಗ ಗಬ್ಬದ ಕುರಿ ಇದ್ರ ನಾಯಿನೂ ಹತ್ರ ಬಿಡಂಗಿಲ್ರಿ ನಾವು. ಮೊದ್ಲ ಹೇಳಬಾರದಾಗಿತ್ತೇನ್ರಿ?" ಎಂದ. ಅಂಗಿಯ ತೋಳು ಮಡಚದೆಯೇ ಜಾಲರಿ ಹಿಡಿದು ಪಾಳೇಗಾರನನ್ನು ಒರಟಾಗಿ ಮೊಗೆದು, ಹಿತ್ತಲಿಗೆ ಒಯ್ದು ನೀರಿನ ಹಂಡೆಗೆ ಹಾಕಿಬಂದ.

ಗುರುಬಸವರಾಜನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿಜ ಹೇಳಿಯಾಯಿತು, ಇವರೂ ತನ್ನ ಪಕ್ಷಕ್ಕೇ ಬಂದರು. ಇನ್ನು ಎಲ್ಲರೂ ಕೂಡಿ ಕುಳಿತು ಮರಿಗಳ ದಾರಿ ನೋಡಬಹುದು. ಜಗಳಕ್ಕಿಂತ ಇದೇ ಒಳ್ಳೆಯ ಕಥೆಯಲ್ಲವೇ? ಅವನು ಬೆಂಚಿನ ಮೇಲಿನ ಮಂಡಕ್ಕಿ ಸರಿಸಿ, "ಕುಂದರ್ರಿ, ಚಾ ತರಸ್ತೀನಿ" ಎಂದ.

ಬಾಗಿಲಲ್ಲಿ ನಿಂತಿದ್ದ ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಾಣಂತಿ ಮನ್ಯಾಗ ಇಷ್ಟು ಮಂದಿ ಗಂಡಸ್ರದ್ದು ಏನು ಕೆಲಸ? ಏಳ್ರಿ, ಏಳ್ರಿ."

ಅವಳು ಅರ್ಧ ಚೇಷ್ಟೆಗೆ ಅಂದಿರಬೇಕು. ಆದರೆ ಅವರು ನಿಜವಾಗಿಯೂ ಎದ್ದರು. ಲಾರಿಯವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಹೋಗಿ ಮೆಟ್ಟಿಕೊಂಡರು. "ಬ್ಯಾಡ್ರಿ ಗುರಣ್ಣ," ಎಂದ ಹುಲುಗಣ್ಣ ಕೊನೆಯಲ್ಲಿ, ದನಿ ತಗ್ಗಿಸಿ. "ಮಾತಾಡಿದ್ರ ಗಾಬರಿ ಆಗ್ತತಿ ಅದಕ್ಕ. ನಾವ್ ಬರಂಗಿಲ್ಲ, ನೀವು ನೋಡ್ಕೊಳ್ರಿ." ಕೆಟ್ಟ ಜನರಾಗಿದ್ದರೆ ಇನ್ನೂ ಒಂದು ಗಂಟೆ ಕುಳಿತಿರುತ್ತಿದ್ದರೇನೋ.

ಮರುದಿನ ಈರಕ್ಕ ಬಾಗಿಲ ಮೇಲೆ ಬೇವಿನ ತಪ್ಪಲು ಸಿಕ್ಕಿಸಿ ಹೋದಳು, ಬಾಣಂತಿ ಇರುವ ಮನೆಗೆ ಸಿಕ್ಕಿಸುತ್ತಾರಲ್ಲ ಹಾಗೆ. ಅದನ್ನು ಕಂಡವರು ಹಾದಿಯ ಮೇಲೆಯೇ ಮಾತು ತಗ್ಗಿಸಿ ದಾಟುತ್ತಿದ್ದರು. ಒಂದು ದಿನ ಕೊಬ್ಬರಿ ಬೆಲ್ಲದ ಪೊಟ್ಟಣ ಹೊಸ್ತಿಲ ಮೇಲಿತ್ತು, ಇಟ್ಟವರು ಯಾರೋ ಒಳಗೆ ಬಂದಿರಲಿಲ್ಲ. ಇಡೀ ಬೀದಿ ಆ ಹಳದಿ ಮೀನಿಗೆ ಮರ್ಯಾದೆ ಕೊಟ್ಟಿತು. ಆ ಮರ್ಯಾದೆಯ ನಡುವೆ ಗುರುಬಸವರಾಜ ಒಬ್ಬನೇ ಉಳಿದ. ತಪ್ಪಲು ಕಿತ್ತುಹಾಕಲೇ ಎಂದು ಎರಡು ಸಲ ಬಾಗಿಲ ತನಕ ಹೋಗಿ ಬಂದ. ಉಳಿದೊಂದು ಹಳದಿಯನ್ನೂ ಬಕೀಟಿಗೆ ತೆಗೆದಿಟ್ಟ. ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗ ಲೋಟದಿಂದ ನೀರು ಎತ್ತಿ ಎತ್ತಿ ಸುರಿಯುತ್ತ ಕೂಡುತ್ತಿದ್ದ. ಅರಿಷಿಣಿ ದಿನದಿನಕ್ಕೆ ಬಡಕಲಾಗುತ್ತ, ಕೊನೆಗೆ ತಲೆಯಷ್ಟೇ ಇದ್ದಂತೆ ಕಾಣತೊಡಗಿತು. ಅದು ಉಪವಾಸ ಇದೆಯೆಂದು ಅವನಿಗೂ ಊಟ ಸೇರುತ್ತಿರಲಿಲ್ಲ. ಅಥವಾ ಒಂದೇ ತಟ್ಟೆ ಎಂದೋ ಏನೋ.

ಮೂರನೆಯ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ನವಣೆ ಕಾಳಿಗೆ ಕಣ್ಣು ಬಂದಂತೆ ಮರಿಗಳು ಆಡುತ್ತಿದ್ದವು. ಅರಿಷಿಣಿ ಪಾಲಕ್ಕಿನ ಎಲೆಗೆ ಬಾಯಿ ಹಾಕಿ ಎಳೆಯುತ್ತಿತ್ತು. ಗುರುಬಸವರಾಜ ಒಬ್ಬನೇ ನಕ್ಕ. ಆಮೇಲೆ ಈ ನಗುವನ್ನು ಯಾರ ಮುಂದೆ ಇಡಲಿ ಎಂದು ತಿಳಿಯದೆ ಕುಳಿತ. ಈರಕ್ಕ ಉಜ್ಜಿನಿಗೆ ಹೋಗಿದ್ದಳು. ಮಂಡಿಗೆ ಹೋಗುವ ಒಬ್ಬನ ಕೈಲಿ ಹುಲುಗಣ್ಣನಿಗೆ ಹೇಳಿ ಕಳಿಸಿದ.

ಹುಲುಗಣ್ಣ ಸಂಜೆ ಬಂದ, ಒಬ್ಬನೇ. ಬಗ್ಗಿ ಮರಿಗಳನ್ನು ನೋಡಿ, "ಚಲೋ ಆತ್ ಬಿಡ್ರಿ" ಎಂದ. ಸ್ವಲ್ಪ ಹೊತ್ತು ನೋಡಿದ. ಚೆಂದದ್ದನ್ನು ಎಷ್ಟು ನೋಡಬೇಕೋ ಅಷ್ಟು ನೋಡಿದ. ಕೋಣೆಯ ಸುತ್ತ ಕಣ್ಣಾಡಿಸಿ, ಖಾಲಿ ಬೆಂಚು ಕಂಡು, ಅವನಿಗೂ ಏನೋ ಅನ್ನಿಸಿರಬೇಕು.

"ಗುರಣ್ಣ, ಪಾಳೇಗಾರ ಹಂಡೇದಾಗ ಅದಾನಲ್ರಿ? ಮರಿ ಬ್ಯಾರೆ ತೆಗೆದಿಟ್ಟು, ಇನ್ನೊಂದೆರಡು ನೀಲಿವು ತಂದು ಬಿಡ್ರಿ. ಎಲ್ಲಾರ್ನೂ ಕರಕೊಂಡು ಬರ್ತೀನಿ. ಹೋಟೆಲಿನ ಕುಸ್ತಿ ಬರೀ ಸುಳ್ಳು ಕುಸ್ತಿ ಅಂತ ಮಂದಿಗೆ ಬ್ಯಾಸರ ಆಗೇತಿ. ನೀವಿಲ್ದ ಮಜಾ ಇಲ್ಲ ಅಂತಾರ."

ನೀವಿಲ್ಲದೆ ಮಜಾ ಇಲ್ಲ. ಆ ಮಾತು ಗುರುಬಸವರಾಜನ ಒಳಗೆ ಹೋಗಿ ಕುಳಿತಿತು. ಹೂಂ ಎಂದರೆ ಸಾಕಿತ್ತು. ನಾಳೆ ಐದಕ್ಕೆ ಬಾಗಿಲ ತುಂಬ ಚಪ್ಪಲಿ, ನೆಲದ ತುಂಬ ಮಂಡಕ್ಕಿ. ತೊಟ್ಟಿಯೊಳಗೆ ಅರಿಷಿಣಿ ಹರಿದ ಬಾಲ ಆಡಿಸುತ್ತ ಮರಿಗಳ ಮೇಲೆ ನಿಂತಿತ್ತು. ಇವತ್ತು ಬೇಡ ಎಂದರೆ ಇವನು ನಾಳೆ ಕೇಳುತ್ತಾನೆ, ನಾಡಿದ್ದು ಕೇಳುತ್ತಾನೆ. ಎಷ್ಟು ದಿನ ಬೇಡ ಎನ್ನಲು ತನಗೆ ಆದೀತು ಎಂಬುದು ಅವನಿಗೆ ಗೊತ್ತಿತ್ತು.

"ಅದು ಸತ್ತುಹೋತು ಹುಲುಗಣ್ಣ," ಎಂದ.

"ಸತ್ತುಹೋತಾ? ಯಾವಾಗ್ರಿ?"

"ಅವತ್ತ. ನೀ ಹಂಡೇಕ ಹಾಕಿದ್ಯಲ್ಲ, ಮರುದಿನ."

ಹುಲುಗಣ್ಣ ತನ್ನ ಅಂಗೈ ನೋಡಿಕೊಂಡ. "ನನ್ನ ಕೈ ಬಿರುಸಾತೇನೋ ಅವತ್ತು," ಎಂದ ಮೆಲ್ಲಗೆ. "ಸಿಟ್ನ್ಯಾಗ ಮೊಗದೆ ನೋಡ್ರಿ." ಗುರುಬಸವರಾಜ ಮರಿಗಳ ಕಡೆ ತಿರುಗಿದ. ಅಲ್ಲವೋ ಎಂದರೆ ಸುಳ್ಳು ಬಯಲಾಗುತ್ತಿತ್ತು. ಹುಲುಗಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಈರಕ್ಕನ ಬೆಂಚನ್ನು ಎತ್ತಿ, "ಇದನ್ನ ಹೊರಗಿಟ್ಟು ಹೊಕ್ಕೀನ್ರಿ" ಎಂದು ಹೋದ. ತಪ್ಪು ಮಾಡಿದವನ ನಡಿಗೆ ಅದು, ಮತ್ತೆ ಈ ಬಾಗಿಲಿಗೆ ಬರುವವನದ್ದಲ್ಲ.

ಗುರುಬಸವರಾಜ ಕೋಲು ಊರಿಕೊಂಡು ಹಿತ್ತಲಿಗೆ ಹೋಗಿ ಹಂಡೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕುಳಿತ. ಮೂರು ವಾರ ಒಂದೇ ಇದ್ದು ಪಾಳೇಗಾರನ ನೀಲಿ ಮಾಸಿತ್ತು. ಕಾಯಲು ಗವಿಯಿಲ್ಲ, ಓಡಿಸಲು ಯಾರೂ ಇಲ್ಲ, ತಳದಲ್ಲಿ ಸುಮ್ಮನೆ ನಿಂತಿತ್ತು.

"ನೀ ಸತ್ತಿ ಅಂತ ಹೇಳೀನಿ," ಎಂದ ಅವನು. "ಇನ್ನ ಯಾರೂ ಬರಂಗಿಲ್ಲ."

ಅವನು ಒಂದು ಬೆರಳನ್ನು ನೀರಿನಲ್ಲಿ ಇಳಿಸಿದ. ಗುದ್ದುತ್ತದೆ ಎಂದುಕೊಂಡಿದ್ದ. ಪಾಳೇಗಾರ ಮೇಲೆ ಬಂದು, ಬೆರಳಿಗೆ ಬಾಯಿ ತಾಗಿಸಿ ನೋಡಿ, ಅದರ ಪಕ್ಕದಲ್ಲೇ ನಿಂತಿತು. ಬೀದಿಯಲ್ಲಿ ದೀಪ ಹತ್ತಿದ ಮೇಲೂ ಅವನಿಗೆ ಕೈ ತೆಗೆಯಲು ಮನಸ್ಸಾಗಲಿಲ್ಲ.